ಊರೊಳಗೆ ಚಿರತೆ ಓಡಾಟ: ಬೋನು ಇಡಿಸಿದರೆ ತೊಂದರೆ ನಿಜವಾಗಲೂ ನಿಲ್ಲುತ್ತಾ?

ಹೊಲದಂಚು
ಎಲ್ಲರಿಗೂ ನಮಸ್ಕಾರ. ಮಳವಳ್ಳಿ ಕಡೆಯ ಹಳ್ಳಿ ನಮ್ಮದು. ಊರ ಹಿಂದೆ ಕಬ್ಬು, ಕಬ್ಬಿನಾಚೆ ಕುರುಚಲು, ಅದರಾಚೆ ಬಂಡೆ ಗುಡ್ಡ. ಸ್ವಲ್ಪ ದಿನದಿಂದ ಬೀದಿ ನಾಯಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಮೊನ್ನೆ ಡೈರಿ ಮುಂದಿನ ಸಿಸಿಟಿವಿಯಲ್ಲಿ ಉತ್ತರ ಸಿಕ್ಕಿತು. ಬೆಳಗಿನ ಜಾವ ಚಿರತೆ ಬಂದಿದೆ, ಖಾಲಿ ಹಾಲಿನ ಕ್ಯಾನೊಂದನ್ನು ಮೂಸಿದೆ, ಯಾವ ಅವಸರವೂ ಇಲ್ಲದೆ ರಸ್ತೆ ದಾಟಿ ಹೋಗಿದೆ. ಈಗ ಆ ವಿಡಿಯೋ ಇಲ್ಲದ ಮೊಬೈಲ್ ಊರಲ್ಲಿಲ್ಲ.

ನಿನ್ನೆ ಅರಳಿಕಟ್ಟೆ ಹತ್ತಿರ ಸಭೆ ಆಯ್ತು. ಮುಕ್ಕಾಲು ಜನ ಬೋನು ಇಡಿಸಬೇಕು ಅಂದರು. ಹುಡುಗರು ಪಂಜು ಹಿಡಿದು ಗುಡ್ಡ ಹತ್ತೋಣ ಅಂದರು. ಒಬ್ಬರು ದನಿ ತಗ್ಗಿಸಿ "ಬೇರೆ ದಾರೀನೂ ಇದೆ" ಅಂದರು. ಅದೇನು ಅಂತ ಎಲ್ಲರಿಗೂ ಗೊತ್ತಾಯ್ತು, ಯಾರೂ ಬಿಡಿಸಿ ಕೇಳಲಿಲ್ಲ. ಅರ್ಜಿ ಬರೆಯೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ನಿಮ್ಮೂರಲ್ಲಿ ಬೋನು ಇಟ್ಟ ಮೇಲೆ ತೊಂದರೆ ನಿಂತಿತಾ? ಹಿಡಿದದ್ದನ್ನು ಎಲ್ಲಿಗೆ ಬಿಡುತ್ತಾರೆ? ಮನೆಯಲ್ಲಿ ಕುರಿ, ಹಸು, ಚಿಕ್ಕ ಮಕ್ಕಳು ಇದ್ದಾರೆ. ಅನುಭವ ಇದ್ದವರು ಹೇಳಿ. ಬುದ್ಧಿವಾದ ಮಾತ್ರ ಬೇಡ.

ಕಬ್ಬಿನಗದ್ದೆ
ಮೊದಲು ಬೋನು ಇಡಿಸಿ, ಆಮೇಲೆ ಇಲ್ಲಿ ಚರ್ಚೆ ಮಾಡಿ.

ನಾನು ತಿ. ನರಸೀಪುರದವನು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿ ಒಳಗೆ ನಮ್ಮ ತಾಲೂಕಲ್ಲಿ ಚಿರತೆಗೆ 4 ಜನ ಬಲಿಯಾದರು. ಕಾಲೇಜಿಗೆ ಹೋಗೋ ಮಕ್ಕಳು ಹೋದರು, ವಯಸ್ಸಾದ ಹೆಣ್ಣುಮಗಳು ಹೋದರು, 11 ವರ್ಷದ ಹುಡುಗ ಹೋದ. ಆ ದಿನಗಳಲ್ಲಿ ಆರು ಗಂಟೆಗೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಹಿತ್ತಲಿಗೆ ಹೋಗೋಕೂ ಇಬ್ಬರು ಬೇಕಿತ್ತು. ಆಗಲೂ ನಗರದಲ್ಲಿ ಕೂತವರು "ಚಿರತೆ ಜೊತೆ ಬದುಕೋದು ಕಲಿಯಿರಿ" ಅಂತ ಬರೆಯುತ್ತಿದ್ದರು.

ಸುಮ್ನೆ_ಓದುಗ
ಬೋನು ಇಡೋದಾದ್ರೆ ಒಳಗೆ ಕೋಳಿ ಕಟ್ಟಬೇಡಿ. ಉತ್ತರ ಪ್ರದೇಶದ ಬುಲಂದ್‌ಶಹರ್‌ನಲ್ಲಿ 2023ರಲ್ಲಿ ಚಿರತೆಗೆ ಅಂತ ಇಟ್ಟ ಬೋನಿಗೆ ಹುಂಜದ ಆಸೆಗೆ ಮನುಷ್ಯನೇ ಹೋಗಿ ಸಿಕ್ಕಿಬಿದ್ದಿದ್ದ 😂

ಗುಡ್ಡದ_ಹಾದಿ
@ಹೊಲದಂಚು, ಬುದ್ಧಿವಾದ ಬೇಡ ಅಂದಿದ್ದೀರಿ, ಹಾಗಾಗಿ ನಡೆದ ಸಂಗತಿ ಹೇಳುತ್ತೇನೆ.

ಮಹಾರಾಷ್ಟ್ರದ ಜುನ್ನಾರ್ ಕಡೆಯೂ ನಿಮ್ಮ ಹಾಗೇ ಕಬ್ಬು, ನೀರಾವರಿ, ಒತ್ತೊತ್ತಾದ ಊರುಗಳು. ಅಲ್ಲಿ 2001ರಿಂದ ದೊಡ್ಡ ಪ್ರಮಾಣದಲ್ಲಿ ಚಿರತೆ ಹಿಡಿದು ದೂರದ ಕಾಡಿಗೆ ಬಿಡೋಕೆ ಶುರು ಮಾಡಿದರು. ಅದಕ್ಕೆ ಮುಂಚೆ, 1993ರಿಂದ 2001ರವರೆಗೆ, ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿತ್ತು. 2001ರಿಂದ 2003ರ ನಡುವೆ ಅದು ವರ್ಷಕ್ಕೆ 17ಕ್ಕೆ ಏರಿತು. ದಾಳಿಗಳಲ್ಲಿ ಸಾವಾಗುವುದು ಶೇ 18 ಇದ್ದದ್ದು ಶೇ 36 ಆಯ್ತು. ಇದನ್ನು ಕೂತು ಲೆಕ್ಕ ಹಾಕಿದ್ದು ಚಿರತೆಗಳ ಅಧ್ಯಯನ ಮಾಡುವ ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರರು.

ಯಾಕೆ ಹೀಗೆ? ಚಿರತೆಗೆ ತನ್ನದೇ ಜಾಗ ಇರುತ್ತದೆ. ನೀರೆಲ್ಲಿ, ನಾಯಿ ಎಲ್ಲಿ, ಮನುಷ್ಯ ಎಷ್ಟೊತ್ತಿಗೆ ಓಡಾಡುತ್ತಾನೆ ಎಲ್ಲ ಅದಕ್ಕೆ ಗೊತ್ತು. ಆ ಲೆಕ್ಕದಲ್ಲೇ ನಮ್ಮಿಂದ ತಪ್ಪಿಸಿಕೊಂಡು ಬದುಕುತ್ತದೆ. ಅದನ್ನು ಎತ್ತಿ ಗೊತ್ತಿಲ್ಲದ ಕಡೆ ಬಿಟ್ಟರೆ ಅದಕ್ಕೆ ದಿಕ್ಕು ತೋಚುವುದಿಲ್ಲ. ಇತ್ತ ಖಾಲಿಯಾದ ಜಾಗಕ್ಕೆ ಹೊಸದು ಬರುತ್ತದೆ. ಹೆಚ್ಚಾಗಿ ಪ್ರಾಯದ ಚಿರತೆಗಳು.

ಕಬ್ಬಿನಗದ್ದೆ
ಅದು ಮಹಾರಾಷ್ಟ್ರ. ನಮ್ಮ ಕಡೆ ಬೋನಿಗೆ ಬಿದ್ದ ಮೇಲೆಯೇ ಜನ ಉಸಿರು ಬಿಟ್ಟದ್ದು. ಜುನ್ನಾರ್ ಲೆಕ್ಕ ತೋರಿಸಿದರೆ ಮಗ ಹೋದ ತಾಯಿಗೆ ಸಮಾಧಾನ ಆಗುತ್ತಾ?

ಗುಡ್ಡದ_ಹಾದಿ
ಜನ ಸತ್ತ ಕಡೆ ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮನುಷ್ಯರ ಮೇಲೆ ಎರಗೋದನ್ನು ರೂಢಿ ಮಾಡಿಕೊಂಡ ಚಿರತೆಯನ್ನು ಬಿಡಿ ಅಂತ ಯಾರೂ ಹೇಳಲ್ಲ. ಆದರೆ ಇವರ ಊರಲ್ಲಿ ಆಗಿರೋದು ಹಾಲಿನ ಕ್ಯಾನ್ ಮೂಸಿದ್ದು. ಎರಡಕ್ಕೂ ಒಂದೇ ಔಷಧ ಅಂದರೆ ಹೇಗೆ?

ಕಬ್ಬಿನಗದ್ದೆ
ಇವತ್ತು ಕ್ಯಾನ್ ಮೂಸಿತು. ನಾಳೆ?

ಮಾಜಿ_ಗಾರ್ಡ್
ಅರಣ್ಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು ನಾನು. ಬೋನಿನ ಒಳಹೊರಗು ಸ್ವಲ್ಪ ಹೇಳುತ್ತೇನೆ, ಬೇಕಾದವರು ತಗೊಳ್ಳಿ.

ಬೋನಲ್ಲಿ ಎರಡು ಅರೆ ಇರುತ್ತದೆ. ಹಿಂದಿನದರಲ್ಲಿ ನಾಯಿಯನ್ನೋ ಮೇಕೆಯನ್ನೋ ಕಟ್ಟುತ್ತೇವೆ, ಚಿರತೆ ಅದನ್ನು ಮುಟ್ಟದ ಹಾಗೆ ನಡುವೆ ಸರಳು. ಮುಂದಿನ ಅರೆಯ ಹಲಗೆ ಮೇಲೆ ಕಾಲಿಟ್ಟರೆ ಬಾಗಿಲು ಬೀಳುತ್ತದೆ. ಮೇಲೆ ಸೊಪ್ಪು ಹೊದಿಸಬೇಕು, ತಳದ ಕಬ್ಬಿಣ ಕಾಣದ ಹಾಗೆ ಮಣ್ಣು ಹರಡಬೇಕು. ಹಳೇ ಚಿರತೆಗಳು ಬೋನಿನ ಸುತ್ತ ಸುತ್ತಿ, ಪಕ್ಕದಲ್ಲೇ ಕೂತು, ಎದ್ದು ಹೋಗುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ಸುತ್ತಲೂ ಹೆಜ್ಜೆ, ಒಳಗೆ ನಾಯಿ ಮಾತ್ರ. ನಾಯಿ ಪಾಪ ಹೆದರಿ ನೀರು ಕೂಡ ಮುಟ್ಟಿರುವುದಿಲ್ಲ. ಬೀಳೋದು ಜಾಸ್ತಿ ಯಾವುದು ಗೊತ್ತಾ? ತಾಯಿಯಿಂದ ಆಗಷ್ಟೇ ಬೇರೆಯಾದ ಎಳೇ ಚಿರತೆ. ನಿಮ್ಮ ಕುರಿ ತಿಂದದ್ದು ಅದೇ ಅಂತ ಏನೂ ಖಾತ್ರಿ ಇಲ್ಲ. ಊರವರಿಗೆ ಮಾತ್ರ "ಸಿಕ್ತು" ಅಂತ ಸಮಾಧಾನ.

ಆಮೇಲೆ ಬಿಡೋ ಕಥೆ. ಕಾನೂನಿನಲ್ಲಿ ಹಿಡಿಯೋದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಎಲ್ಲಿಗೆ ಬಿಡೋದು ಅನ್ನೋದು ಗುಟ್ಟು. ಮಧ್ಯರಾತ್ರಿ ಗಾಡಿಗೆ ಟಾರ್ಪಾಲು ಹೊದಿಸಿ ಹೊರಡುತ್ತೇವೆ. ಯಾಕೆಂದರೆ ಗೊತ್ತಾದರೆ ಬಿಡೋ ಕಡೆಯ ಜನ ಗಾಡಿ ಅಡ್ಡ ಹಾಕುತ್ತಾರೆ. ಅವರದೂ ತಪ್ಪಿಲ್ಲ, ಅವರಿಗೂ ಕುರಿ ಇದೆ, ಮಕ್ಕಳಿದ್ದಾರೆ. ನೀವು ಅರ್ಜಿ ಕೊಟ್ಟು ಸಾಗಿಸಿದ ಚಿರತೆ ಇನ್ನೊಂದು ಊರಿನ ಅರ್ಜಿ ಆಗುತ್ತದೆ.

2011ರಲ್ಲೇ ಕೇಂದ್ರ ಸರ್ಕಾರ ಚಿರತೆ ವಿಚಾರಕ್ಕೆ ಮಾರ್ಗಸೂಚಿ ಕೊಟ್ಟಿದೆ. ಸುಮ್ನೆ ಕಂಡಿತು ಅಂತ ಹಿಡಿಯಬಾರದು ಅಂತ ಅದರಲ್ಲಿದೆ. ಆದರೆ ಊರವರು ರಸ್ತೆ ತಡೆದು, ಮೇಲಿಂದ ಫೋನ್ ಬಂದರೆ, ಬೋನು ಹೊರಡುತ್ತದೆ.

ಅಪಾರ್ಟ್‌ಮೆಂಟ್_ಆಸಾಮಿ
ಬೋನು ಹೊರಡದಿದ್ದರೆ ಫಾರೆಸ್ಟ್‌ನವರೇ ಬೋನಿಗೆ! 2025ರಲ್ಲಿ ಗುಂಡ್ಲುಪೇಟೆಯ ಬೊಮ್ಮಲಾಪುರದಲ್ಲಿ ಹುಲಿ ಹಿಡಿಯೋ ಬೋನಿಗೆ ಸಿಬ್ಬಂದಿಯನ್ನೇ ಕೂಡಿ ಹಾಕಿದ್ದರಲ್ಲ.

ಮಾಜಿ_ಗಾರ್ಡ್
ನಗಬೇಡಿ ಸ್ವಾಮಿ. ಒಳಗೆ ಇದ್ದವರು ಕೆಳಗಿನ ನೌಕರರು. ಜನರ ಸಿಟ್ಟು ಯಾರ ಮೇಲೋ, ಕೈಗೆ ಸಿಕ್ಕವರು ಇವರು.

ಕರಾವಳಿ_ಕಾಗೆ
ನಮ್ಮಲ್ಲಿ ಬೋನಿಗಿಂತ ಬಾವಿಗೆ ಬೀಳುವುದೇ ಜಾಸ್ತಿ ಮಾರಾಯ್ರೆ. ಕಟ್ಟೆ ಇಲ್ಲದ ಬಾವಿ ಎಷ್ಟು ಉಂಟು! ರಾತ್ರಿ ನಾಯಿ ಅಟ್ಟಿಸಿಕೊಂಡು ಬಂದು ಎರಡೂ ಒಟ್ಟಿಗೆ ಬೀಳುತ್ತವೆ. 2023ರಲ್ಲಿ ಮಂಗಳೂರು ಹತ್ತಿರದ ನಿಡ್ಡೋಡಿಯಲ್ಲಿ ಚಿರತೆ ಬಾವಿಗೆ ಬಿದ್ದಾಗ ಪಶುವೈದ್ಯೆ ಒಬ್ಬರು ತಾವೇ ಪಂಜರದೊಳಗೆ ಕೂತು ಕೆಳಗಿಳಿದು ಅರಿವಳಿಕೆ ಕೊಟ್ಟರು. ಚಿರತೆ ಹೊರಗೆ, ಡಾಕ್ಟರು ಪಂಜರದ ಒಳಗೆ. ಆ ವಿಡಿಯೋ ನೋಡಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಹೊಲದಂಚಿನವರೇ, ನಿಮ್ಮ ತೋಟದ ಬಾವಿಗೆ ಕಟ್ಟೆ ಉಂಟಾ? ಇಲ್ಲದಿದ್ದರೆ ಮೊದಲು ಅದು ಮಾಡಿಸಿ. ಚಿರತೆಗೆ ಮಾತ್ರ ಅಲ್ಲ, ಮಕ್ಕಳಿಗೂ ಒಳ್ಳೆಯದು.

ಹೊಲದಂಚು
ನಮ್ಮದು ಬೋರ್‌ವೆಲ್ ಸರ್. ಹಳೇ ಬಾವಿ ಒಂದಿದೆ, ಅದರಲ್ಲಿ ನೀರಿಲ್ಲ, ಲಂಟಾನ ಬೆಳೆದಿದೆ.

ಕರಾವಳಿ_ಕಾಗೆ
ಹಾಗಾದರೆ ಬಗ್ಗಿ ನೋಡುವಾಗ ಜಾಗ್ರತೆ.

ಬೆಳಗಾವಿ_ಮಂದಿ
ನಮ್ಮ ಊರಿನ ಗಾಲ್ಫ್ ಮೈದಾನದ ಸುದ್ದಿ ಯಾರಿಗೂ ನೆನಪಿಲ್ಲೇನ್ರಿ? 2022ರ ಆಗಸ್ಟ್. ನಟ್ಟನಡುವೆ ಊರು, ಅದರೊಳಗೆ ಗಾಲ್ಫ್ ಮೈದಾನ, ಅದರೊಳಗೆ ಚಿರತೆ. ಸುತ್ತಲಿನ ಶಾಲೆಗಳಿಗೆ ರಜೆ ಮೇಲೆ ರಜೆ. ಸಕ್ರೆಬೈಲಿನಿಂದ ಆನೆ ತಂದರು, ಬೋನು ಇಟ್ಟರು, ಡ್ರೋನ್ ಹಾರಿಸಿದರು. ಚಿರತೆ ಒಂದು ಸಲ ಎಲ್ಲರ ಮುಂದೇ ರಸ್ತೆ ದಾಟಿ ಹೋತ್ರಿ! ಕಡೆಗೂ ಸಿಗಲೇ ಇಲ್ಲ. ಎತ್ತ ಹೋಯಿತೋ ಹೋಯಿತು. ಅದು ಯಾರ ಜೀವವನ್ನೂ ತೆಗೆಯಲಿಲ್ಲ, ಅದೂ ಹೇಳಬೇಕು.

ಸುಮ್ನೆ_ಓದುಗ
ಶಾಲೆ ಮಕ್ಕಳು ಇವತ್ತಿಗೂ ಆ ಚಿರತೆ ನೆನೆಸಿಕೊಂಡು ಕೈ ಮುಗಿಯುತ್ತಿರಬಹುದು.

ಅಪಾರ್ಟ್‌ಮೆಂಟ್_ಆಸಾಮಿ
ನಮ್ಮ ಕಡೆ, ಅಂದ್ರೆ ಕೂಡ್ಲು ಗೇಟ್ ಹತ್ತಿರ, 2023ರಲ್ಲಿ ಹೀಗೇ ಶುರುವಾಯ್ತು. ಅಪಾರ್ಟ್‌ಮೆಂಟ್ ಸಿಸಿಟಿವಿಯಲ್ಲಿ ಚಿರತೆ ಕಂಡಿತು. ನವೆಂಬರ್ 1ಕ್ಕೆ ಅದು ಹಿಡಿಯೋಕೆ ಬಂದವರ ಮೇಲೆ ಎರಗಿತು, ಗುಂಡೇಟು ತಿಂದು ಸತ್ತಿತು. ಅದು ಸಾಯಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಆದರೆ ಆ ದಿನಗಳಲ್ಲಿ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸೋವಾಗ ನನಗೂ ಕೈ ನಡುಗುತ್ತಿತ್ತು.

ಜೊತೆಗೆ ವಾಟ್ಸಾಪ್ ಕಾಟ. ಎಲ್ಲಿನದೋ ಹಳೇ ವಿಡಿಯೋ "ನಮ್ಮ ಬ್ಲಾಕ್ ಹಿಂದೆ, ಈಗ ತಾನೇ" ಅಂತ ಬರುತ್ತಿತ್ತು. ಈಗಂತೂ ಎಐನಲ್ಲಿ ಚಿರತೆ ಮಾಡಿ ಸೋಫಾ ಮೇಲೆ ಕೂರಿಸುತ್ತಾರೆ.

ಒಂದು ಅನುಮಾನ. ಬೆಂಗಳೂರಿಗೆ ಇವು ಬರೋದಾದರೂ ಎಲ್ಲಿಂದ?

ಗುಡ್ಡದ_ಹಾದಿ
ಬರೋದೇನು, ಇಲ್ಲೇ ಇವೆ. ಬನ್ನೇರುಘಟ್ಟ, ತುರಹಳ್ಳಿ, ಇನ್ನೊಂದು ಕಡೆ ಹೆಸರಘಟ್ಟ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಕ್ಯಾಮೆರಾ ಟ್ರ್ಯಾಪ್ ಇಟ್ಟು ನೋಡಿದಾಗ ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆ ಇವೆ ಅಂತ ಅಂದಾಜಾಯ್ತು. ಅದರಲ್ಲಿ ದೊಡ್ಡ ಪಾಲು ಬನ್ನೇರುಘಟ್ಟದ್ದು. ಇದೇ ಗುಬ್ಬಿ ಅವರಿಗೆ 2016ರ ಫೆಬ್ರವರಿಯಲ್ಲಿ ವರ್ತೂರು ಕಡೆ ಶಾಲೆಗೆ ನುಗ್ಗಿದ ಚಿರತೆ ಹಿಡಿಯುವಾಗ ಗಾಯ ಆಗಿತ್ತು. ಆ ಚಿರತೆಯನ್ನು ಬನ್ನೇರುಘಟ್ಟಕ್ಕೆ ಒಯ್ದರು. ಸುಮಾರು ಒಂದು ವಾರಕ್ಕೆ ಅಲ್ಲಿಂದಲೂ ತಪ್ಪಿಸಿಕೊಂಡಿತು!

ರಾಜ್ಯದ ಲೆಕ್ಕ ಬೇಕಿದ್ದರೆ, 2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 1,879, ದೇಶಕ್ಕೆ 13,874. ಅದು ಹೆಚ್ಚಾಗಿ ಕಾಡಿನಲ್ಲಿ ಮಾಡಿದ ಎಣಿಕೆ. ಕಬ್ಬಿನ ಗದ್ದೆಯಲ್ಲೇ ಹುಟ್ಟಿ ಬೆಳೆದದ್ದು ಅದರಲ್ಲಿ ಸರಿಯಾಗಿ ಸೇರಿಲ್ಲ.

ಕಲ್ಲುಬಂಡೆ
ಕಾಡು ಕಡಿದದ್ದಕ್ಕೇ ಚಿರತೆ ಊರಿಗೆ ಬಂತು. ಅಷ್ಟೇ ವಿಷಯ.

ಗುಡ್ಡದ_ಹಾದಿ
ಅಷ್ಟೇ ಅಲ್ಲ. ತುಮಕೂರು, ರಾಮನಗರ, ಮಂಡ್ಯ, ಚಿತ್ರದುರ್ಗದ ಬಂಡೆ ಗುಡ್ಡಗಳು ಸರ್ಕಾರದ ಕಾಗದದಲ್ಲಿ ಎಷ್ಟೋ ಕಡೆ ಕಾಡೇ ಅಲ್ಲ. ಆದರೂ ಚಿರತೆ ಅಲ್ಲಿ ತಲೆತಲಾಂತರದಿಂದ ಇದೆ. ಹಗಲು ಗುಹೆಯಲ್ಲಿ ಮಲಗುತ್ತದೆ, ರಾತ್ರಿ ಇಳಿಯುತ್ತದೆ. ಈಗ ಆ ಗುಡ್ಡಕ್ಕೆ ಕ್ವಾರಿಯವರು ಸಿಡಿಮದ್ದು ಇಡುತ್ತಾರೆ. ಕೆಳಗೆ ನಾಲೆ ನೀರು ಬಂದು ಕಬ್ಬು ಬೆಳೆದಿದೆ. ವರ್ಷದಲ್ಲಿ ಹೆಚ್ಚು ದಿನ ಆಳೆತ್ತರ ನಿಂತಿರುವ ಬೆಳೆ, ಒಳಗೆ ತಂಪು, ಪಕ್ಕದಲ್ಲೇ ನೀರು, ಹಂದಿ, ನವಿಲು, ನಾಯಿ. ಚಿರತೆಗೆ ಇನ್ನೇನು ಬೇಕು?

ಕುರಿಹಟ್ಟಿ
ಶಿರಾ ಕಡೆಯವನು. ನಮ್ಮಪ್ಪ ಕುರಿ ಕಾಯುತ್ತಿದ್ದರು, ನಾನೂ ಕಾಯುತ್ತೇನೆ. ನೀವೆಲ್ಲ ಹೇಳೋ ಲೆಕ್ಕ ಚೆನ್ನಾಗಿದೆ. ನಮಗೆ ಚಿರತೆ ಹೊಸದಲ್ಲ. ಒಂದು ಕುರಿ ಎತ್ತಿಕೊಂಡು ಹೋದರೆ ಬೇಜಾರಾಗುತ್ತದೆ, ಆದರೂ ತಡೆದುಕೊಳ್ಳುತ್ತೇವೆ. ಕಷ್ಟ ಆಗೋದು ಅದು ರೊಪ್ಪದೊಳಗೆ ಇಳಿದಾಗ. ಒಳಗೆ ಕುರಿ ಓಡೋಕೆ ಜಾಗ ಇಲ್ಲ, ಗಾಬರಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅಲ್ಲಾಡಿದ್ದನ್ನೆಲ್ಲ ಚಿರತೆ ಹೊಡೆಯುತ್ತದೆ. ತಿನ್ನೋದು ಒಂದು, ಸಾಯೋದು ಹತ್ತು ಹದಿನೈದು. ಹಾಗೆ ಒಂದು ರಾತ್ರಿ ನಮ್ಮ ಚಿಕ್ಕಪ್ಪನ ಮನೆಯ ಅರ್ಧ ಹಿಂಡು ಹೋಯಿತು.

ಅದಾದ ಮೇಲೆ ಮಾಡಿದ್ದು ಎರಡೇ ಕೆಲಸ. ರೊಪ್ಪಕ್ಕೆ ಮೇಲೂ ಬಲೆ ಹಾಕಿದೆವು. ಗೋಡೆ ಎಷ್ಟು ಎತ್ತರ ಇದ್ದರೂ ಮೇಲ್ಭಾಗ ತೆರೆದಿದ್ದರೆ ಪ್ರಯೋಜನ ಇಲ್ಲ. ಆಮೇಲೆ ಹಿಂಡಿನ ನಾಯಿಗಳಿಗೆಲ್ಲ ಮುಳ್ಳಿನ ಪಟ್ಟಿ. ಚಿರತೆ ನಾಯಿಯ ಕುತ್ತಿಗೆಗೇ ಬಾಯಿ ಹಾಕುತ್ತದೆ, ಪಟ್ಟಿ ಇದ್ದರೆ ಹಿಡಿತ ಸಿಗಲ್ಲ.

ಅಪಾರ್ಟ್‌ಮೆಂಟ್_ಆಸಾಮಿ
ನಾಯಿಗೇನು, 2025ರಲ್ಲಿ ಪುಣೆ ಜಿಲ್ಲೆಯ ಪಿಂಪರಖೇಡ್ ಕಡೆ ಜನರೇ ಕೊರಳಿಗೆ ಮೊಳೆ ಪಟ್ಟಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಫೋಟೋ ನೋಡಿ ಊಟ ಸೇರಲಿಲ್ಲ.

ಕಬ್ಬಿನಗದ್ದೆ
ನೋಡಿ! ಅದೇ ಜುನ್ನಾರ್ ಪಕ್ಕದ ಶಿರೂರು ತಾಲೂಕು. ಇಪ್ಪತ್ತು ವರ್ಷ "ಜೊತೆ ಬದುಕಿ" ಅಂತ ಹೇಳಿದ ಮೇಲೆ ಆದದ್ದು ಇದು. @ಗುಡ್ಡದ_ಹಾದಿ ಇದಕ್ಕೇನು ಉತ್ತರ?

ಗುಡ್ಡದ_ಹಾದಿ
ಒಪ್ಪುತ್ತೇನೆ, ಅಲ್ಲಿನ ಪರಿಸ್ಥಿತಿ ಕೈ ಮೀರಿದೆ. ಕಬ್ಬು ಬೆಳೆಯುತ್ತಲೇ ಹೋಯಿತು, ಚಿರತೆಯೂ ಬೆಳೆಯಿತು. ಈಗ ಸಂತಾನಹರಣ ಮಾಡಿ ನೋಡೋಣ ಅನ್ನೋ ಮಟ್ಟಕ್ಕೆ ಮಹಾರಾಷ್ಟ್ರ ಬಂದಿದೆ. ಆದರೆ ಅಲ್ಲಿ ಬೋನಿಗೆ ಏನೂ ಕಮ್ಮಿ ಇರಲಿಲ್ಲ. ಮಾಣಿಕ್‌ಡೋಹ್‌ನಲ್ಲಿ ಹಿಡಿದ ಚಿರತೆಗಳಿಗಂತಲೇ ಕೇಂದ್ರ ಇದೆ. ಹಿಡಿದರೂ ಹೀಗಾಯ್ತು ಅಂದ ಮೇಲೆ ಹಿಡಿಯೋದೊಂದೇ ದಾರಿ ಅಂತ ಹೇಗೆ ಹೇಳ್ತೀರಿ?

ಕಬ್ಬಿನಗದ್ದೆ
ಇನ್ನೂ ಜಾಸ್ತಿ ಹಿಡಿಯಬೇಕಿತ್ತು ಅಂತ ಹೇಳ್ತೀನಿ.

ಪಶುವೈದ್ಯ_ತುಮಕೂರು
ಪರಿಹಾರದ ವಿಷಯ ಯಾರೂ ಎತ್ತಲಿಲ್ಲ. ಕೆಲಸಕ್ಕೆ ಬರಬಹುದು, ಸ್ವಲ್ಪ ಉದ್ದ ಆಗುತ್ತದೆ.

ಬೆಳಿಗ್ಗೆ ಎದ್ದಾಗ ಕುರಿಯೋ ಕರುವೋ ಸತ್ತಿದ್ದರೆ ಕಳೇಬರ ಅಲ್ಲಾಡಿಸಬೇಡಿ. ಫೋಟೋ ತೆಗೆಯಿರಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ವಲಯ ಕಚೇರಿಗೂ ತಿಳಿಸಿ. ನಾವು ಮೊದಲು ನೋಡೋದು ಕುತ್ತಿಗೆ. ಚಿರತೆ ಗಂಟಲು ಹಿಡಿದು ಉಸಿರು ಕಟ್ಟಿಸುತ್ತದೆ. ಗಂಟಲಲ್ಲಿ ಕೋರೆಹಲ್ಲಿನ ಆಳವಾದ ತೂತು ಇರುತ್ತದೆ, ಚರ್ಮ ಬಿಡಿಸಿದರೆ ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಬೀದಿ ನಾಯಿಗಳಾದರೆ ತೊಡೆ, ಹೊಟ್ಟೆ, ಬಾಲದ ಕಡೆ ಕಿತ್ತು ಹರಿದಿರುತ್ತವೆ. ಎಷ್ಟೋ ಸಲ "ಚಿರತೆ" ಅಂತ ಕರೆದ ಕಡೆ ಹೋದರೆ ನಾಯಿ ಗುಂಪಿನ ಕೆಲಸ. ಆಗ ಪರಿಹಾರ ಸಿಗಲ್ಲ, ಬೈಗುಳ ಮಾತ್ರ ನಮಗೆ ಸಿಗುತ್ತದೆ.

ಮಣ್ಣು ಮಾಡಿ ಮೂರನೇ ದಿನ ಕರೆದರೆ ನಾವು ಏನಂತ ಬರೆಯೋಣ? ಪೋಸ್ಟ್‌ಮಾರ್ಟಂ ಇಲ್ಲದೆ ಮಹಜರು ನಿಲ್ಲಲ್ಲ. ಅರ್ಜಿ ಈಗ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ-ಪರಿಹಾರದಲ್ಲಿ ಹೋಗುತ್ತದೆ. ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಅರಿವಳಿಕೆ ಅಂದರೆ ಸಿನಿಮಾದ ಹಾಗೆ ಹೊಡೆದ ತಕ್ಷಣ ಬೀಳುವುದಲ್ಲ. ಮದ್ದು ಏರೋಕೆ ಹತ್ತು ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಸಾವಿರ ಜನ ಸೇರಿ ಸಿಳ್ಳೆ ಹೊಡೆದರೆ ಅದು ಗಾಬರಿಯಲ್ಲಿ ಅಡ್ಡ ಬಂದವರ ಮೇಲೆ ಹಾರುತ್ತದೆ. ನಾನು ನೋಡಿದ ಗಾಯಗಳಲ್ಲಿ ಜಾಸ್ತಿ ಈ ಗುಂಪಿನಲ್ಲಿ ಆದದ್ದು. ಪಂಜು ಹಿಡಿದು ಗುಡ್ಡ ಹತ್ತೋ ನಿಮ್ಮ ಹುಡುಗರಿಗೆ ಇದನ್ನು ಓದಿ ಹೇಳಿ.

ಹೊಲದಂಚು
ತುಂಬಾ ಉಪಕಾರ ಆಯ್ತು ಡಾಕ್ಟ್ರೇ. ನಾಯಿಗೆ ಪರಿಹಾರ ಇಲ್ಲ ಅಲ್ವಾ?

ಪಶುವೈದ್ಯ_ತುಮಕೂರು
ನಾಯಿಗೆ ಕೊಟ್ಟದ್ದು ನಾನಂತೂ ಕಂಡಿಲ್ಲ.

ಕಲ್ಲುಬಂಡೆ
ನಾಯಿ ಅಂದ ಮೇಲೆ ಕೇಳಿ. ಚಿರತೆ ಬರೋದೇ ನಾಯಿಗೆ. ನಾಯಿ ಇರೋದು ಕೋಳಿ ಅಂಗಡಿ ಕಸಕ್ಕೆ. ಕಸ ತೆಗೆಯಿರಿ, ನಾಯಿ ಕಮ್ಮಿ ಆಗುತ್ತೆ, ಚಿರತೆ ತಾನಾಗಿ ಹೋಗುತ್ತೆ.

ಗುಡ್ಡದ_ಹಾದಿ
ಅರ್ಧ ನಿಜ. ಮಹಾರಾಷ್ಟ್ರದ ಅಕೋಲೆಯಲ್ಲಿ ಚಿರತೆ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇ 39 ನಾಯಿಯೇ ಇತ್ತು. ಆದರೆ ಇದ್ದಕ್ಕಿದ್ದಂತೆ ನಾಯಿ ಇಲ್ಲದೆ ಹೋದರೆ ಅದು ಮೇಕೆ ಕೊಟ್ಟಿಗೆಗೆ ಬರಬಹುದು. ಕೊಟ್ಟಿಗೆ ಮೊದಲು, ಕಸ ಆಮೇಲೆ.

ನಾಯಿಮರಿ_ಪ್ರಿಯ
ಬೀದಿ ನಾಯಿಗಳನ್ನು ಚಿರತೆ ಊಟ ಅಂತ ಇಷ್ಟು ಸಲೀಸಾಗಿ ಮಾತಾಡ್ತೀರಲ್ಲ. ಬೋನಲ್ಲಿ ಜೀವಂತ ನಾಯಿ ಕಟ್ಟೋದು ಹಿಂಸೆ ಅಲ್ವಾ? ಅದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಸುಮ್ನೆ_ಓದುಗ
ಶುರುವಾಯ್ತು. ಇನ್ನು ಸುಪ್ರೀಂ ಕೋರ್ಟ್ ಬರುತ್ತೆ ನೋಡಿ.

ಕಲ್ಲುಬಂಡೆ
ಬರಲಿ ಬಿಡಿ. ನಿಮ್ಮ ಬೀದಿ ನಾಯಿಗಳನ್ನು ನಿಮ್ಮ ಮನೆಯೊಳಗೆ ಇಟ್ಟುಕೊಳ್ಳಿ, ಆಗ ನಾಯಿಗೂ ಹಿಂಸೆ ಇಲ್ಲ, ಚಿರತೆಯೂ ಬರಲ್ಲ.

ನಾಯಿಮರಿ_ಪ್ರಿಯ
ನನ್ನ ಮನೆಯಲ್ಲಿ ನಾಲ್ಕಿವೆ. ನಿಮ್ಮ ಮನೆಯಲ್ಲಿ ಎಷ್ಟಿವೆ?

ನಿರ್ವಾಹಕ
ಬೀದಿ ನಾಯಿ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಹೊಡೆದಾಡಿ. ಇಲ್ಲಿ ಚಿರತೆ. ಕೊನೆಯ ಕೆಲವು ಪ್ರತಿಕ್ರಿಯೆ ತೆಗೆದಿದ್ದೇನೆ.

ಹೊಲದಂಚು
ಇವತ್ತಿನ ಸುದ್ದಿ. ಫಾರೆಸ್ಟ್‌ನವರು ಬಂದಿದ್ದರು. ಹೆಜ್ಜೆ ಗುರುತು ನೋಡಿದರು. ಕೆಸರಲ್ಲಿ ಒಂದು ದೊಡ್ಡ ಹೆಜ್ಜೆ, ಪಕ್ಕದಲ್ಲಿ ಎರಡು ಸಾಲು ಚಿಕ್ಕವು. ತಾಯಿ, ಮರಿ ಅಂದರು. ಎರಡು ಕ್ಯಾಮೆರಾ ಕಟ್ಟಿ ಹೋಗಿದ್ದಾರೆ. ಈಗ ಊರಲ್ಲಿ ಭಯ ಇನ್ನೂ ಜಾಸ್ತಿ ಆಗಿದೆ, "ಒಂದಲ್ಲ ಮೂರು" ಅಂತ. ಮುಂದಿನ ತಿಂಗಳು ಅದೇ ಕಬ್ಬು ಕಟಾವಿಗೆ ಬರುತ್ತದೆ.

ಮಾಜಿ_ಗಾರ್ಡ್
ಹಾಗಿದ್ದರೆ ಬೋನಿನ ಮಾತು ಸದ್ಯಕ್ಕೆ ಬಿಡಿ. ತಾಯಿ ಬಿದ್ದು ಮರಿ ಹೊರಗೆ ಉಳಿದರೆ, ಇಲ್ಲವೇ ಮರಿ ಬಿದ್ದು ತಾಯಿ ಹೊರಗೆ ಉಳಿದರೆ, ಆ ರಾತ್ರಿ ಬೋನಿನ ಹತ್ತಿರ ಹೋಗೋನು ಬದುಕಿ ಬಂದರೆ ಪುಣ್ಯ.

ಕಟಾವಿನವರಿಗೆ ಈಗಲೇ ಹೇಳಿ. ಒಂದು ಕಡೆಯಿಂದ ಕಡಿಯುತ್ತಾ ಹೋಗಬೇಕು, ಇನ್ನೊಂದು ಕಡೆ ಅದಕ್ಕೆ ಹೋಗೋ ದಾರಿ ತೆರೆದಿರಬೇಕು. ಸುತ್ತಲಿಂದ ಕಡಿದುಕೊಂಡು ಬಂದು ನಡುವೆ ಕೂಡಿ ಹಾಕಬಾರದು. ಮೊದಲು ತಗಡು ಬಡಿದು ಸದ್ದು ಮಾಡಿ. ಮರಿ ಸಿಕ್ಕರೆ ಎತ್ತಬೇಡಿ, ಸೆಲ್ಫಿ ಬೇಡ, ಹಾಲು ಕುಡಿಸಬೇಡಿ. ಅಲ್ಲಿಗೆ ಕೆಲಸ ನಿಲ್ಲಿಸಿ ಇಲಾಖೆಗೆ ಹೇಳಿ. ಅದೇ ಜಾಗದಲ್ಲಿ ಬಿಟ್ಟರೆ ಹೆಚ್ಚಿನ ಸಲ ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ.

ಕಬ್ಬಿನಗದ್ದೆ
ಕಟಾವು ನಮ್ಮ ಕೈಲಿದೆಯಾ ಸ್ವಾಮಿ? 2023ರಲ್ಲಿ ನಮಗೂ ಬೇಗ ಕಬ್ಬು ಕಡಿಸಿ ಅಂತ ಹೇಳಿದರು. ಫ್ಯಾಕ್ಟರಿ ಪರ್ಮಿಟ್ ಕೊಡಬೇಕು, ಆಳು ಸಿಗಬೇಕು, ಲಾರಿ ಬರಬೇಕು. ಚಿರತೆ ಇದೆ ಅಂತ ಗೊತ್ತಾದ ಗದ್ದೆಗೆ ಕಟಾವಿನ ತಂಡದವರು ಕಾಲಿಡಲ್ಲ. ಬೆಳೆ ನಿಂತಲ್ಲೇ ಒಣಗುತ್ತದೆ.

ಪಶುವೈದ್ಯ_ತುಮಕೂರು
ಇದು ಸರಿಯಾದ ಮಾತು. ಇದನ್ನೂ ಅರ್ಜಿಯಲ್ಲಿ ಹಾಕಬೇಕು.

ಕುರಿಹಟ್ಟಿ
@ಹೊಲದಂಚು, ಆ "ಬೇರೆ ದಾರಿ" ಅಂದವರನ್ನು ಸುಮ್ನೆ ಬಿಡಬೇಡಿ. ಸತ್ತ ಕರುವಿಗೆ ವಿಷ ಹಾಕಿದರೆ ಚಿರತೆ ಮಾತ್ರ ತಿನ್ನಲ್ಲ. ನಾಯಿ, ಹದ್ದು, ಕಾಗೆ ಎಲ್ಲ ಸಾಯುತ್ತವೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷ ಹಾಕಿದ ಹಸು ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತದ್ದು ಗೊತ್ತಲ್ಲ. ಮಾಡಿದವರು ಜೈಲಿಗೆ ಹೋದರು. ಹಸು ಕಳಕೊಂಡ ಸಿಟ್ಟು ನನಗೆ ಅರ್ಥ ಆಗುತ್ತದೆ, ನಾನೂ ಕಳಕೊಂಡಿದ್ದೇನೆ. ಆದರೆ ಕೇಸು ಬಿದ್ದರೆ ಮನೆ ನಡೆಸೋರು ಯಾರು?

ಅಪಾರ್ಟ್‌ಮೆಂಟ್_ಆಸಾಮಿ
ಎಷ್ಟು ವರ್ಷ ಶಿಕ್ಷೆ?

ಮಾಜಿ_ಗಾರ್ಡ್
1972ರ ವನ್ಯಜೀವಿ ಕಾಯ್ದೆ, ಚಿರತೆ ಮೊದಲನೇ ಪಟ್ಟಿಯಲ್ಲಿದೆ. 3ರಿಂದ 7 ವರ್ಷ.

ತೋಟದಮನೆ_ಅಕ್ಕ
ಇಷ್ಟು ಹೊತ್ತು ಓದುತ್ತಿದ್ದೆ, ಒಂದು ಮಾತು ಹೇಳಿಬಿಡುತ್ತೇನೆ. ಮಾಗಡಿ ಕಡೆಯವಳು. 2020ರಲ್ಲಿ ನಮ್ಮ ತಾಲೂಕಲ್ಲಿ ಮನೆಯಲ್ಲಿ ಮಲಗಿದ್ದ ಮೂರು ವರ್ಷದ ಕೂಸನ್ನು ಚಿರತೆ ಎಳೆದುಕೊಂಡು ಹೋಯಿತು. ಸೆಕೆ ಅಂತ ಬಾಗಿಲು ತೆರೆದಿಟ್ಟು ಮಲಗೋ ರೂಢಿ ನಮ್ಮಲ್ಲಿ ಅವತ್ತಿಗೇ ನಿಂತಿತು.

ನೀವೆಲ್ಲ ಕೊಟ್ಟಿಗೆ, ನಾಯಿ, ಬೋನು ಅಂತೀರಿ. ನಮ್ಮ ಮನೆಯವರು ವಾರಗಟ್ಟಲೆ ರಾತ್ರಿ ಒಂದು ಗಂಟೆಗೆ ಎದ್ದು ತೋಟಕ್ಕೆ ಹೋಗುತ್ತಾರೆ. ಯಾಕೆ? ತ್ರೀ ಫೇಸ್ ಕರೆಂಟ್ ಕೊಡೋದೇ ಆಗ. ಮೋಟಾರು ಹಾಕಿ, ಬಗ್ಗಿ ಕೂತು ಡ್ರಿಪ್ ವಾಲ್ವ್ ತಿರುಗಿಸುತ್ತಾರೆ, ಬಿದ್ದ ಗರಿ ಸರಿಸಿ ಕಾಲುವೆ ಬಿಡುತ್ತಾರೆ. ಕೂತ ಮನುಷ್ಯ ಚಿರತೆ ಕಣ್ಣಿಗೆ ಮನುಷ್ಯನ ಹಾಗೆ ಕಾಣಲ್ಲ ಅಂತ ಫಾರೆಸ್ಟ್‌ನವರೇ ಹೇಳುತ್ತಾರೆ. ಹಾಗಾದರೆ ರಾತ್ರಿ ಕರೆಂಟ್ ಕೊಟ್ಟು ಗಂಡಸರನ್ನು ತೋಟದಲ್ಲಿ ಕೂರಿಸೋದು ಯಾರ ಬುದ್ಧಿ? ಅವರು ವಾಪಸ್ ಬರೋವರೆಗೆ ನನಗೆ ನಿದ್ದೆ ಇಲ್ಲ. ಚಿರತೆ ರಾತ್ರಿ ಪ್ರಾಣಿ, ಅದು ರಾತ್ರಿ ತಿರುಗುತ್ತದೆ. ನಮ್ಮನ್ನು ಯಾಕೆ ರಾತ್ರಿ ತಿರುಗಿಸುತ್ತೀರಿ?

ಕಬ್ಬಿನಗದ್ದೆ
ಅಕ್ಕಾ, ನೂರಕ್ಕೆ ನೂರು. ನಮ್ಮ ಕಡೆಯೂ ಇದೇ ಗೋಳು.

ಗುಡ್ಡದ_ಹಾದಿ
ಈ ಎಳೆಯಲ್ಲಿ ಬಂದ ಅತಿ ಮುಖ್ಯವಾದ ಮಾತು ಇದು. @ಹೊಲದಂಚು, ಅರ್ಜಿಯಲ್ಲಿ ಇದೇ ಮೊದಲು ಬರಲಿ.

ಕಬ್ಬಿನಗದ್ದೆ
ನಾವಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ವಿ, ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಡಿ.

ಸುಮ್ನೆ_ಓದುಗ
ತೆಗೆದೆ.

ಹೊಲದಂಚು
ಅರ್ಜಿ ಹೊಸದಾಗಿ ಬರೆದೆ. ಕಬ್ಬು ಇರೋವರೆಗೆ ಹಗಲು ತ್ರೀ ಫೇಸ್, ಆ ಗದ್ದೆಗೆ ಕಟಾವು ಪರ್ಮಿಟ್ ಮೊದಲು, ಶಾಲೆ ದಾರಿಯ ಪೊದೆ ತೆಗೆಸೋದು, ಬೀದಿ ದೀಪ, ಕೊಟ್ಟಿಗೆಗೆ ಜಾಲರಿ ಹಾಕಲು ಸಹಾಯ. ಬೋನು ಕೊನೆಯಲ್ಲಿ ಇದೆ: "ಜನರ ಮೇಲೆ ಎರಗಿದರೆ ಕೂಡಲೇ" ಅಂತ. ಅದನ್ನು ಪೂರ್ತಿ ಬಿಟ್ಟರೆ ಊರಲ್ಲಿ ಯಾರೂ ಸಹಿ ಹಾಕಲ್ಲ. ನನಗೂ ಬಿಡೋಕೆ ಮನಸ್ಸಿಲ್ಲ, ನಿಜ ಹೇಳಬೇಕೆಂದರೆ.

ಕರೆಂಟ್ ಆಫೀಸಿನಲ್ಲಿ ಅರ್ಜಿ ಓದಿದವರು "ಚಿರತೆಗೂ ನಮಗೂ ಏನ್ರೀ ಸಂಬಂಧ" ಅಂದರು. ಸೀಲು ಹಾಕಿಸಿಕೊಂಡು ಬಂದಿದ್ದೇನೆ.

ತೋಟದಮನೆ_ಅಕ್ಕ
ಸೀಲು ಹಾಕಿದ ಪ್ರತಿ ಇಲ್ಲಿ ಹಾಕಿ ತಮ್ಮಾ. ಹೆಸರು ಬದಲಾಯಿಸಿ ನಮ್ಮೂರಿನವರೂ ಕೊಡುತ್ತೇವೆ.

ಕಬ್ಬಿನಗದ್ದೆ
ಸೀಲು ಬಿದ್ದ ಅರ್ಜಿ ನಮ್ಮ ತಾಲೂಕಲ್ಲೂ ರಾಶಿ ಇವೆ. ಸೋಮವಾರ ನೀವೇ ಹತ್ತು ಜನ ಕರೆದುಕೊಂಡು ಹೋಗಿ ಕೂರಿ.

ಹೊಲದಂಚು
ಹೋಗ್ತೀವಿ. @ಕುರಿಹಟ್ಟಿ, ಆ ಮುಳ್ಳಿನ ಪಟ್ಟಿ ಅಂಗಡಿಯಲ್ಲಿ ಸಿಗುತ್ತಾ, ಮಾಡಿಸಬೇಕಾ?

ಕುರಿಹಟ್ಟಿ
ಕಮ್ಮಾರರ ಹತ್ತಿರ ಮಾಡಿಸಿ. ಮುಳ್ಳು ಹೊರಮುಖ ಇರಲಿ, ಒಳಗೆ ದಪ್ಪ ಚರ್ಮ ಹಾಕಿಸಿ, ಇಲ್ಲದಿದ್ದರೆ ನಾಯಿ ಕುತ್ತಿಗೆ ಹುಣ್ಣಾಗುತ್ತದೆ. ಎರಡು ಬೆರಳು ತೂರೋಷ್ಟು ಸಡಿಲ ಬಿಡಿ. ಮರಿ ನಾಯಿಗೆ ಬೇಡ, ಅದನ್ನು ರಾತ್ರಿ ಒಳಗೆ ಕಟ್ಟಿ.